ಮಕ್ಕಳಿಗೆ ಆ್ಯಂಟಿಬಯಾಟಿಕ್ ಸಿರಪ್: ಮೆಡಿಕಲ್ ಅಂಗಡಿಯಿಂದ ಮಗುವಿನ ಬಾಯಿಯವರೆಗೆ

ಬ್ಯಾಕ್ಟೀರಿಯಾ ಸೋಂಕು ತಗಲಿದ ಮಗು ಮಾತ್ರೆ ನುಂಗುವ ವಯಸ್ಸಿನದ್ದಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಸಿರಪ್. ಅಮಾಕ್ಸಿಸಿಲಿನ್, ಅದರೊಂದಿಗೆ ಕ್ಲಾವುಲನೇಟ್ ಸೇರಿಸಿದ ಜೋಡಿ ಔಷಧ, ಸೆಫಲೆಕ್ಸಿನ್, ಸೆಫಿಕ್ಸಿಮ್, ಅಜಿತ್ರೊಮೈಸಿನ್ ಇವು ಹೆಚ್ಚು ಬಳಕೆಯಲ್ಲಿರುವವು. ಬೆಳ್ತಂಗಡಿ ತಾಲೂಕಿನ ಉತ್ತರಕ್ಕೆ, ಅಜಿಲ ಅರಸು ಮನೆತನದ ಊರಾದ ಅಳದಂಗಡಿಯಿಂದ ಹಿಡಿದು ವೇಣೂರು, ನಾರಾವಿ, ಮೂಡುಬಿದಿರೆ, ಬಂಟ್ವಾಳದವರೆಗೆ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಈ ಬಾಟಲಿಗಳು ಅಪರಿಚಿತವಲ್ಲ. ಅಡಿಕೆ ತೋಟ, ರಬ್ಬರ್ ಗುಡ್ಡ, ಬೀಡಿ ಕಟ್ಟುವ ಜಗಲಿ ಇವುಗಳ ನಡುವಿನ ಈ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಶೀತ, ಕೆಮ್ಮು, ಜ್ವರ ಅವುಗಳ ಹಿಂದೆಯೇ ಬರುತ್ತವೆ. ಸಿರಪ್ಪಿನ ಸುರಕ್ಷತೆ ಎಂದಾಗ ಜನ ಕೇಳುವುದು ಔಷಧ ಒಳ್ಳೆಯದೋ ಕೆಟ್ಟದ್ದೋ, ಯಾವ ಕಂಪೆನಿಯದು, ಪವರ್ ಹೆಚ್ಚಾಯಿತೇ ಎಂದು. ಆದರೆ ಈ ಔಷಧಗಳು ದಶಕಗಳಿಂದ ಪರೀಕ್ಷೆಗೆ ಒಳಗಾದವು. ತಪ್ಪಿಗೆ ಹೆಚ್ಚು ಆಸ್ಪದವಿರುವುದು ಅಂಗಡಿಯ ಕೌಂಟರಿನಿಂದ ಮಗುವಿನ ಬಾಯಿಯವರೆಗಿನ ದಾರಿಯಲ್ಲಿ: ಪುಡಿಗೆ ನೀರು ಬೆರೆಸುವಾಗ, ಅಳೆಯುವಾಗ, ದಿನ ಎಣಿಸುವಾಗ. ಆ ದಾರಿಯ ಹೊಣೆಯನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದು ಸರಿಯಲ್ಲ. ಬಾಟಲಿಯನ್ನು ಕೈಗೆ ಕೊಡುವವರದ್ದೇ ಅದರಲ್ಲಿ ದೊಡ್ಡ ಪಾಲು ಎಂಬುದು ಈ ಲೇಖನದ ವಾದ.

ಮೊದಲ ಪ್ರಶ್ನೆ, ಮಗುವಿಗೆ ಈ ಸಿರಪ್ ಬೇಕೇ ಎಂಬುದು. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಥವಾ ಬೆಳೆಯದಂತೆ ತಡೆಯುತ್ತದೆ. ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಮೂಗು ಸೋರುವ, ಸಣ್ಣಗೆ ಕೆಮ್ಮುವ, ಜ್ವರ ಬಂದರೂ ನಡುನಡುವೆ ಆಡುವ ಮಗುವಿನ ಕಾಯಿಲೆ ಬಹುಪಾಲು ವೈರಸ್ಸಿನದು. ಘಟ್ಟದ ಬುಡದ ಈ ತಾಲೂಕಿಗೆ ಎರಡೂ ಬಗೆಯ ಜ್ವರಗಳ ಅನುಭವವಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಹರಡಿ ಜೀವಗಳನ್ನು ತೆಗೆದುಕೊಂಡಿತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಆ ರೋಗ ವೈರಸ್ಸಿನದು, ಡೆಂಗಿಯೂ ಹಾಗೆಯೇ. ಇವುಗಳಿಗೆ ಯಾವ ಆ್ಯಂಟಿಬಯಾಟಿಕ್ಕೂ ಮದ್ದಲ್ಲ. ಅದೇ ಮಳೆಗಾಲದಲ್ಲಿ ಗದ್ದೆ, ತೋಟದ ನೀರಿನಿಂದ ಬರುವ ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ಮೈ ಮುಟ್ಟಿ ನೋಡಿದರೆ ಎರಡೂ ಒಂದೇ ಬಿಸಿ. ಹಾಗಾಗಿ ಕಳೆದ ಸಲದ ಚೀಟಿಯನ್ನೇ ಮತ್ತೆ ತೋರಿಸಿ ಸಿರಪ್ ತರುವುದು, ಪಕ್ಕದ ಮನೆಯ ಮಗುವಿಗೆ ಗುಣವಾಯಿತೆಂದು ಅದನ್ನೇ ಕೊಡುವುದು ಊಹೆಯ ಚಿಕಿತ್ಸೆ. ಎಷ್ಟೋ ಸಲ ಅದು ಫಲಿಸಿದಂತೆಯೂ ಕಾಣುತ್ತದೆ. ಮೂರು ನಾಲ್ಕು ದಿನಕ್ಕೆ ತಾನಾಗಿ ಇಳಿಯುವ ಜ್ವರಕ್ಕೆ ಸಿರಪ್ ಕೊಟ್ಟರೆ ಹೆಸರು ಬರುವುದು ಸಿರಪ್ಪಿಗೇ.

ಇಲ್ಲಿ ಮನೆಯವರು ಮಾಡಬಹುದಾದ, ಮಾಡಬೇಕಾದ ಒಂದು ಪರೀಕ್ಷೆ ಇದೆ. ಕೆಮ್ಮುವ ಮಗು ಶಾಂತವಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 2 ತಿಂಗಳಿನಿಂದ 1 ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಮಗು ಹಾಲು, ನೀರು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ ಸಿರಪ್ಪಿನ ಮಾತೇ ಇಲ್ಲ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 2 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೂ ಹಾಗೆಯೇ. ಆ ವಯಸ್ಸಿನ ಸೋಂಕಿಗೆ ಮನೆಯಲ್ಲಿ ಬಾಟಲಿ ಇಟ್ಟುಕೊಂಡು ಕಾಯುವುದು ಅಪಾಯ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಸಾನ್ಸ್’ ಕಾರ್ಯಕ್ರಮದಲ್ಲಿ ನ್ಯುಮೋನಿಯಾ ಶಂಕೆ ಇರುವ ಮಗುವಿಗೆ ಆಶಾ ಕಾರ್ಯಕರ್ತೆಯೇ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸುವುದಕ್ಕೆ ಅವಕಾಶ ಮಾಡಲಾಯಿತು. ಅಂದರೆ ಉಸಿರು ಎಣಿಸುವುದು ಡಾಕ್ಟರರಿಗಷ್ಟೇ ಸೇರಿದ ವಿದ್ಯೆಯಲ್ಲ.

ಬೇಕು ಎಂದು ತೀರ್ಮಾನವಾದ ಮೇಲೆ ಬಾಟಲಿಯ ಕಡೆ ಬರೋಣ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ನಂಥ ಔಷಧಗಳು ಅಂಗಡಿಯಲ್ಲಿ ಒಣ ಪುಡಿಯಾಗಿಯೇ ಇರುತ್ತವೆ, ಡ್ರೈ ಸಿರಪ್ ಎಂದೇ ಅವುಗಳ ಹೆಸರು. ಕಾರಣ ಸರಳ: ಇವುಗಳ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಎಂಬ ಉಂಗುರ ನೀರಿನೊಡನೆ ಸೇರಿದಾಗಿನಿಂದ ನಿಧಾನವಾಗಿ ಒಡೆಯತೊಡಗುತ್ತದೆ. ನೀರು ಬೆರೆಸಿದ ಗಳಿಗೆಯಿಂದಲೇ ಔಷಧದ ಆಯುಷ್ಯ ಶುರು. ರಟ್ಟಿನ ಪೆಟ್ಟಿಗೆಯ ಮೇಲೆ ಎರಡು ವರ್ಷ ಮುಂದಿನ ಎಕ್ಸ್‌ಪೈರಿ ದಿನಾಂಕವಿದ್ದರೂ ಅದು ಪುಡಿಗೆ ಮಾತ್ರ. ಬೆರೆಸಿದ ಮೇಲೆ ಎಷ್ಟು ದಿನ ಎಂಬುದು ಲೇಬಲ್ಲಿನಲ್ಲಿ ಬೇರೆಯಾಗಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮಲ್ಲಿ ಮಾರುವ ಹೆಚ್ಚಿನ ಡ್ರೈ ಸಿರಪ್‌ಗಳಿಗೆ ಅದು ಒಂದು ವಾರದ ಆಸುಪಾಸು. ಕ್ಲಾವುಲನೇಟ್ ಇರುವ ಸಿರಪ್ ಎಲ್ಲಕ್ಕಿಂತ ಸೂಕ್ಷ್ಮ. ಶಾಖ, ತೇವ ಎರಡೂ ಅದಕ್ಕೆ ಆಗದು, ಕರಾವಳಿಯ ಹವೆಯಲ್ಲಿ ಇರುವುದು ಅವೆರಡೇ.

ಬೆರೆಸುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ತಳದಲ್ಲಿ ಗಟ್ಟಿಕಟ್ಟಿದ ಪುಡಿ ಸಡಿಲವಾಗುವಂತೆ ಬಾಟಲಿಯನ್ನು ಅಂಗೈಗೆ ನಾಲ್ಕು ಸಲ ತಟ್ಟಬೇಕು. ಪೆಟ್ಟಿಗೆಯೊಳಗೆ ನೀರಿನ ಪುಟ್ಟ ಪ್ಲಾಸ್ಟಿಕ್ ಬುಡ್ಡಿ ಇದ್ದರೆ ಅದನ್ನೇ ಬಳಸಬೇಕು, ಇಲ್ಲವಾದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿನೀರು ಔಷಧವನ್ನು ಕೆಡಿಸುತ್ತದೆ. ಬಾವಿಯಿಂದ ಎತ್ತಿದ ಹಸಿನೀರು ಸೋಂಕಿನ ಮಗುವಿಗೆ ಇನ್ನೊಂದು ಸೋಂಕು ತರಬಹುದು. ಬಾಟಲಿಯ ಮೈಮೇಲೆ ಬಾಣದ ಗುರುತೋ ಉಬ್ಬುಗೆರೆಯೋ ಇರುತ್ತದೆ. ಮೊದಲು ಅರ್ಧದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಗೆರೆಯವರೆಗೆ ತುಂಬಿ ಮತ್ತೆ ಕುಲುಕಿ, ನೊರೆ ಇಳಿಯಲು ಬಿಡಬೇಕು. ನೊರೆ ಇಳಿದಾಗ ಮಟ್ಟ ಗೆರೆಗಿಂತ ಕೆಳಗೆ ಹೋಗಿರುತ್ತದೆ. ಆಗ ಕೊನೆಯ ಕೆಲವು ಹನಿ ಸೇರಿಸಿ ಸರಿಮಾಡಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಸಿರಪ್ ಗಟ್ಟಿಯಾಗಿ ಪ್ರತಿ ಡೋಸೂ ಹೆಚ್ಚಾಗುತ್ತದೆ, ಗೆರೆ ದಾಟಿ ತುಂಬಿದರೆ ತೆಳ್ಳಗಾಗಿ ಪ್ರತಿ ಡೋಸೂ ಕಡಿಮೆಯಾಗುತ್ತದೆ. ಒಂದು ಸಲದ ತಪ್ಪು ಇಡೀ ಬಾಟಲಿಯುದ್ದಕ್ಕೂ ಮುಂದುವರಿಯುತ್ತದೆ, ಅದೇ ಇದರ ಕೇಡು. ಬೆರೆಸಿದ ದಿನಾಂಕವನ್ನು ಬಾಲ್‌ಪೆನ್ನಿನಲ್ಲಿ ಲೇಬಲ್ಲಿನ ಮೇಲೆ ಬರೆದುಬಿಡಬೇಕು. ಪುಡಿ ಪೂರ್ತಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಲ ಕೊಡುವ ಮೊದಲು ಕುಲುಕದಿದ್ದರೆ ಮೊದಲ ದಿನಗಳಲ್ಲಿ ಮಗುವಿಗೆ ಸಿಗುವುದು ಬಣ್ಣದ ಸಿಹಿನೀರು, ಕೊನೆಯ ದಿನಗಳಲ್ಲಿ ತಳದ ಗಟ್ಟಿ ಔಷಧ. ಈ ಬೆರೆಸುವ ಕೆಲಸವನ್ನು ಅಂಗಡಿಯಲ್ಲೇ, ಕೊಳ್ಳುವವರ ಕಣ್ಣೆದುರಿಗೇ ಮಾಡಿಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇದಕ್ಕಿಂತಲೂ ತೊಡಕಿನದು ಬಾಟಲಿಯ ಶಕ್ತಿ. ಅಮಾಕ್ಸಿಸಿಲಿನ್ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಕ್ಲಾವುಲನೇಟ್ ಜೋಡಿಯದ್ದು 228.5 ಮತ್ತು 457. ಸೆಫಿಕ್ಸಿಮ್ 50 ಮತ್ತು 100. ಅಜಿತ್ರೊಮೈಸಿನ್ 100 ಮತ್ತು 200. ಹೆಸರು ಒಂದೇ, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಒಂದೇ, ಒಳಗಿನ ಔಷಧ ಇಮ್ಮಡಿ. ಶಿಶುಗಳಿಗೆಂದು ಮಾಡಿದ ಅಮಾಕ್ಸಿಸಿಲಿನ್ ಡ್ರಾಪ್ಸ್ ಇನ್ನೂ ಗಟ್ಟಿ: 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ., ಅಂದರೆ 125ರ ಸಿರಪ್ಪಿನ ನಾಲ್ಕರಷ್ಟು. ಡ್ರಾಪ್ಸ್ ಎಂದರೆ ಹಗುರವಾದದ್ದು ಎಂದು ತಿಳಿದು ಅದನ್ನು ಚಮಚದಲ್ಲಿ ಕೊಟ್ಟರೆ ಏನಾದೀತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಚೀಟಿಯಲ್ಲಿ 250ರ ಸಿರಪ್ 10 ಮಿ.ಲೀ. ಎಂದಿದ್ದು, ಸ್ಟಾಕ್ ಇಲ್ಲವೆಂದು 125ರ ಬಾಟಲಿ ಕೊಟ್ಟು ಅಳತೆಯನ್ನು ಮಾತ್ರ ಹಾಗೆಯೇ ಉಳಿಸಿದರೆ ಮಗುವಿಗೆ ಹೋಗುವುದು ಅರ್ಧ ಡೋಸ್. ಅರ್ಧ ಡೋಸಿನಿಂದ ಕಣ್ಣಿಗೆ ಕಾಣುವ ಅನಾಹುತ ಕೂಡಲೇ ಆಗುವುದಿಲ್ಲ. ಸೋಂಕು ಇಳಿಯದೆ ಮಗು ಸೊರಗುತ್ತದೆ, ಮದ್ದು ಹಿಡಿಯಲಿಲ್ಲ ಎಂದು ಮನೆಯವರು ಇನ್ನೂ ಪ್ರಬಲವಾದ ಔಷಧ ಕೇಳುತ್ತಾರೆ. ಔಷಧವನ್ನು ದೂರುವ ಮೊದಲು ಬಾಟಲಿಯ ಮೇಲಿನ ಅಂಕಿಯನ್ನು ಚೀಟಿಯ ಅಂಕಿಗೆ ಹಿಡಿದು ನೋಡಬೇಕು.

ಇನ್ನು ಚಮಚ. ಗ್ರೀಸ್ ದೇಶದಲ್ಲಿ 25 ಮನೆಗಳ ಟೀ ಚಮಚಗಳನ್ನು ಸಂಗ್ರಹಿಸಿ ಅಳೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹಿಡಿಯುವ ದ್ರವ 2.5ರಿಂದ 7.3 ಮಿ.ಲೀ.ವರೆಗೆ, ಅಂದರೆ ಸುಮಾರು ಮೂರು ಪಟ್ಟು ವ್ಯತ್ಯಾಸದಲ್ಲಿತ್ತು. 2016ರಲ್ಲಿ ಅಮೆರಿಕದಲ್ಲಿ 2,110 ಪೋಷಕರನ್ನು ಕೂರಿಸಿ ಒಬ್ಬೊಬ್ಬರಿಂದ 9 ಸಲ ಔಷಧ ಅಳೆಯಿಸಿದಾಗ 84.4 ಶೇಕಡಾ ಮಂದಿ ಒಮ್ಮೆಯಾದರೂ 20 ಶೇಕಡಾಕ್ಕಿಂತ ಹೆಚ್ಚು ತಪ್ಪಿದರು. ಸೂಜಿಯಿಲ್ಲದ ಸಿರಿಂಜಿಗಿಂತ ಅಳತೆಯ ಕಪ್ಪಿನಲ್ಲಿ ತಪ್ಪು ಬಹಳ ಹೆಚ್ಚಿತ್ತು. ಓದು ಬರಹ ಬಲ್ಲವರು, ಅವರದ್ದೇ ಭಾಷೆಯ ಲೇಬಲ್ಲು, ಅವಸರವಿಲ್ಲದ ಕೋಣೆ, ಹಾಗಿದ್ದೂ ಹೀಗೆ. ನಮ್ಮಲ್ಲಿ ಲೇಬಲ್ಲು ಹೆಚ್ಚಾಗಿ ಇಂಗ್ಲಿಷಿನದು, ಮನೆಯ ಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ, ಕಲಿತ ಅಕ್ಷರ ಕನ್ನಡದ್ದು. ಮೆಡಿಕಲ್‌ನವರು ಪೆಟ್ಟಿಗೆಯ ಮೇಲೆ 1-0-1 ಎಂದು ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬುದು ಗೊತ್ತಾಗುತ್ತದೆ, ಒಂದು ಏನು ಎಂಬುದು ಗೊತ್ತಾಗುವುದಿಲ್ಲ. ಒಂದು ಚಮಚವೇ, ಒಂದು ಮುಚ್ಚಳವೇ, ಮುಚ್ಚಳದ ಒಂದು ಗೆರೆಯೇ? ಮಾತ್ರೆಗೆ ಹೇಳಿಮಾಡಿಸಿದ ಬರವಣಿಗೆಯನ್ನು ಸಿರಪ್ಪಿಗೂ ಬಳಸಿದ್ದರಿಂದ ಬಂದ ಗೊಂದಲ ಇದು. ಮಿ.ಲೀ. ಎಂದು ಬರೆದು, ಅಷ್ಟೇ ಮಿ.ಲೀ.ಯ ಗೆರೆಯನ್ನು ಸಿರಿಂಜಿನ ಮೇಲೆ ಶಾಯಿಯಿಂದ ಗುರುತು ಮಾಡಿಕೊಟ್ಟರೆ ಓದು ಬಾರದ ಅಜ್ಜಿಯೂ ಸರಿಯಾಗಿ ಅಳೆಯಬಲ್ಲಳು.

ಇದಕ್ಕೊಂದು ಆಕ್ಷೇಪ ತಪ್ಪದೆ ಬರುತ್ತದೆ. ನಮ್ಮ ತಾಯಂದಿರು ಚಮಚದಲ್ಲೇ ಕೊಟ್ಟು ಮಕ್ಕಳನ್ನು ಬೆಳೆಸಿದರಲ್ಲ, ಯಾರಿಗೆ ಏನಾಯಿತು? ಮಾತಿನಲ್ಲಿ ಸತ್ಯಾಂಶವಿದೆ. ಅಮಾಕ್ಸಿಸಿಲಿನ್ ತುಂಬ ಸಹನೆಯ ಔಷಧ. ಸ್ವಲ್ಪ ಹೆಚ್ಚಾದರೆ ಸಾಮಾನ್ಯವಾಗಿ ಹೊಟ್ಟೆ ಕೆಡುವುದರಲ್ಲಿ ಮುಗಿಯುತ್ತದೆ. ಅಲ್ಲದೆ ಹಾಗೆ ಗುಣವಾದ ಎಷ್ಟೋ ಜ್ವರಗಳು ಔಷಧವಿಲ್ಲದೆಯೂ ಇಳಿಯುವಂಥವು. ಆದರೆ ಚಮಚದಿಂದ ಕಡಿಮೆಯಾದದ್ದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಡಿಮೆ ಡೋಸಿನಲ್ಲಿ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ ಸತ್ತು, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. 2022ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2019ರ ಒಂದೇ ವರ್ಷದಲ್ಲಿ 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣ. ಆ ಸಾವುಗಳಲ್ಲಿ ಸುಮಾರು ಐದರಲ್ಲೊಂದು 5 ವರ್ಷದೊಳಗಿನ ಮಕ್ಕಳದ್ದು. ಏನೂ ಆಗಲಿಲ್ಲ ಎನ್ನುವ ಮಾತು ಒಂದು ಮನೆಯ ಮಟ್ಟಿಗೆ ನಿಜವಿರಬಹುದು, ಊರಿನ ಮಟ್ಟಿಗೆ ಅಲ್ಲ.

ಅಳತೆ ನಿಂತಿರುವುದು ಮಗುವಿನ ತೂಕದ ಮೇಲೆ. ವಯಸ್ಸು ಕೇಳಿ ಔಷಧ ಕೊಡುವುದು ರೂಢಿಯಾದರೂ ಎರಡು ವರ್ಷದ ಒಂದು ಮಗು 9 ಕಿಲೋ, ಇನ್ನೊಂದು 13 ಕಿಲೋ ಇರುವುದು ಅಪರೂಪವಲ್ಲ. ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಮಾಕ್ಸಿಸಿಲಿನ್ ಡೋಸ್ ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 40 ಮಿ.ಗ್ರಾಂ., ದಿನಕ್ಕೆ ಎರಡು ಸಲ. 12 ಕಿಲೋದ ಮಗುವಿಗೆ ಒಂದು ಸಲಕ್ಕೆ 480 ಮಿ.ಗ್ರಾಂ. ಆಗುತ್ತದೆ, 250ರ ಸಿರಪ್ಪಿನಲ್ಲಿ ಹತ್ತಿರ ಹತ್ತಿರ 10 ಮಿ.ಲೀ. ಬೇರೆ ಸೋಂಕಿಗೆ ಬೇರೆ ಲೆಕ್ಕವಿರುತ್ತದೆ. ಸೆಫಿಕ್ಸಿಮ್ ಡೋಸ್ ಟೈಫಾಯ್ಡ್‌ಗೆ ಕೊಡುವಾಗ ಸಾಮಾನ್ಯ ಸೋಂಕಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇಲ್ಲಿ ಉದಾಹರಣೆ ಕೊಟ್ಟದ್ದು ಮನೆಯಲ್ಲೇ ಡೋಸ್ ನಿಶ್ಚಯಿಸಿಕೊಳ್ಳಲಿ ಎಂದಲ್ಲ, ವೈದ್ಯರು ತೂಕ ಯಾಕೆ ಕೇಳುತ್ತಾರೆ ಎಂಬುದು ತಿಳಿಯಲಿ ಎಂದು. ತೂಕದ ಅಂಕಿ ಬೇರೆಲ್ಲೂ ಹುಡುಕಬೇಕಾಗಿಲ್ಲ. ಅಂಗನವಾಡಿಯಲ್ಲಿ ಮಗುವನ್ನು ತೂಗುತ್ತಾರೆ, ತಾಯಿ ಕಾರ್ಡಿನ ಬೆಳವಣಿಗೆ ಪಟ್ಟಿಯಲ್ಲಿ ಅದಕ್ಕೆಂದೇ ಗೆರೆಗಳಿವೆ. ಆ ಕಾರ್ಡು ಚುಚ್ಚುಮದ್ದಿನ ದಿನ ಮಾತ್ರ ಹೊರಬರುತ್ತದೆ. ಡಾಕ್ಟರಲ್ಲಿಗೂ ಮೆಡಿಕಲ್‌ಗೂ ಹೋಗುವಾಗ ಅದು ಕೈಯಲ್ಲಿದ್ದರೆ ಡೋಸಿನ ತಪ್ಪಿಗೆ ಒಂದು ತಡೆ ಸಿಕ್ಕಂತೆ.

ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಡ್ರೈ ಸಿರಪ್ ಬಾಟಲಿ ಬಹಳಷ್ಟು ಸಲ 30 ಮಿ.ಲೀ.ಯದು. ಸಲಕ್ಕೆ 10 ಮಿ.ಲೀ. ಎಂದರೆ ಮೂರು ಡೋಸಿಗೆ, ಅಂದರೆ ಒಂದೂವರೆ ದಿನಕ್ಕೆ ಬಾಟಲಿ ಖಾಲಿ. 5 ದಿನಕ್ಕೆ 100 ಮಿ.ಲೀ. ಬೇಕು, ನಾಲ್ಕನೆಯ ಬಾಟಲಿ ಒಡೆಯಲೇಬೇಕು. ಒಂದು ಬಾಟಲಿ ಎಂದರೆ ಒಂದು ಕೋರ್ಸ್ ಎಂದು ತಿಳಿದ ಮನೆಯಲ್ಲಿ ಎರಡನೇ ದಿನವೇ ಚಿಕಿತ್ಸೆ ನಿಲ್ಲುತ್ತದೆ. ಇಲ್ಲವೆಂದರೆ ಬಾಟಲಿ ಐದು ದಿನ ಬರಲಿ ಎಂದು ಅಳತೆಯನ್ನು ಇಳಿಸಲಾಗುತ್ತದೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಬೀಡಿ ಕಟ್ಟಿ ವಾರಕ್ಕೊಮ್ಮೆ ಹಣ ಕಾಣುವ ಮನೆಗೆ ನಾಲ್ಕು ಬಾಟಲಿ ಒಮ್ಮೆಗೇ ಕೊಳ್ಳುವುದು ಭಾರವೇ. ಎಷ್ಟು ಬಾಟಲಿ ಬೇಕು ಎಂಬುದನ್ನು ಮೊದಲೇ ಎಣಿಸಿ ಹೇಳುವುದು ಕೊಡುವವರ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಹಣವಿಲ್ಲದೆ ಸಿಗುವ ಔಷಧ ಯಾವುದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಎಷ್ಟು ದಿನ ಕೊಡಬೇಕು ಎಂಬಲ್ಲಿ ಗಂಭೀರವಾದ ಚರ್ಚೆಯೇ ಇದೆ. ಕೋರ್ಸ್ ಪೂರ್ತಿ ಮಾಡಿ ಎಂಬ ಹಳೆಯ ಸೂಚನೆಗೆ ಪುರಾವೆ ಎಲ್ಲಿದೆ ಎಂದು ಕೇಳುವವರಿದ್ದಾರೆ, ಕೇಳಿದ್ದು ತಪ್ಪಲ್ಲ. ಭಾರತದ 7 ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ 2,188 ಮಕ್ಕಳ ಮೇಲೆ ನಡೆದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ತೀವ್ರವಲ್ಲದ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ 3 ದಿನ ಕೊಟ್ಟರೂ 5 ದಿನ ಕೊಟ್ಟರೂ ಗುಣವಾಗುವ ಪ್ರಮಾಣ ಒಂದೇ ಎಂದು ತೋರಿಸಿತು: 89.5 ಮತ್ತು 89.9 ಶೇಕಡಾ. ಇದರ ಎದುರಿಗೆ 2016ರಲ್ಲಿ ಅಮೆರಿಕದಲ್ಲಿ ಎರಡು ವರ್ಷದೊಳಗಿನ 520 ಮಕ್ಕಳ ಕಿವಿ ಸೋಂಕಿನ ಅಧ್ಯಯನವನ್ನು ಇಡಬೇಕು. ಅಲ್ಲಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್ 10 ದಿನ ಪಡೆದವರಲ್ಲಿ 16 ಶೇಕಡಾ, 5 ದಿನ ಪಡೆದವರಲ್ಲಿ 34 ಶೇಕಡಾ ಮಕ್ಕಳಿಗೆ ಚಿಕಿತ್ಸೆ ವಿಫಲವಾಯಿತು. ಸ್ಟ್ರೆಪ್ಟೊಕಾಕಸ್ ಗಂಟಲುಬೇನೆಗೆ ಅಮಾಕ್ಸಿಸಿಲಿನ್ 10 ದಿನ ಕೊಡುವುದು ಗಂಟಲಿನ ಸಲುವಾಗಿ ಮಾತ್ರವಲ್ಲ, ಮುಂದೆ ಹೃದಯದ ಕವಾಟಕ್ಕೆ ಪೆಟ್ಟು ಕೊಡುವ ರುಮ್ಯಾಟಿಕ್ ಜ್ವರವನ್ನು ತಡೆಯಲು. ಅಜಿತ್ರೊಮೈಸಿನ್ ಅಂಗಾಂಶಗಳಲ್ಲಿ ದಿನಗಟ್ಟಲೆ ಉಳಿಯುವುದರಿಂದ ಮೂರು ದಿನಕ್ಕೆ ನಿಂತರೂ ಕೆಲಸ ಮುಂದುವರಿಸುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಇಟ್ಟರೆ ತಿಳಿಯುವುದೇನೆಂದರೆ, ದಿನಗಳ ಸಂಖ್ಯೆ ಸೋಂಕಿನಿಂದ ಸೋಂಕಿಗೆ, ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ಮೂರು ದಿನ ಸಾಕೆಂದು ತೋರಿಸಿದ ಸಂಶೋಧನೆ, ಜ್ವರ ಬಿಟ್ಟ ದಿನ ಬಾಟಲಿ ಮುಚ್ಚಿಡಲು ಮನೆಯವರಿಗೆ ಕೊಟ್ಟ ಅನುಮತಿಯಲ್ಲ. ಅದು ಕಡಿಮೆ ದಿನ ಬರೆಯಲು ವೈದ್ಯರಿಗೆ ಕೊಟ್ಟ ಧೈರ್ಯ. ಬರೆದಷ್ಟು ದಿನ ಕೊಡಬೇಕು. ನಿಲ್ಲಿಸಬೇಕೆನಿಸಿದರೆ ಬರೆದವರನ್ನೇ ಕೇಳಬೇಕು. 48ರಿಂದ 72 ಗಂಟೆಯಲ್ಲಿ ಮಗು ಚೇತರಿಸದಿದ್ದರೂ ಅವರಲ್ಲಿಗೇ ಹೋಗಬೇಕು.

ಬಾಯಿಗೆ ಹಾಕುವ ಕ್ರಮ ಸಣ್ಣದಾದರೂ ಅಲ್ಲಿಯೇ ಪ್ರಾಣಾಪಾಯ ಇರುವುದು. ಮಗುವನ್ನು ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದಾಗ ಸುರಿಯುವುದು ಹಲವೆಡೆ ಇದೆ. ಹಾಗೆ ಮಾಡಿದರೆ ಔಷಧ ಶ್ವಾಸಕೋಶಕ್ಕೆ ಇಳಿಯಬಹುದು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ತಳ್ಳಿ ನುಂಗಲು ಬಿಡುವು ಕೊಡಬೇಕು. ಗಂಟಲಿಗೆ ನೇರ ಚಿಮ್ಮಿಸಬಾರದು. ಲೋಟ ತುಂಬ ಹಾಲಿಗೋ ಗಂಜಿಗೋ ಬೆರೆಸಿದರೆ ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಔಷಧ ಹೋಯಿತೆಂದು ತಿಳಿಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಔಷಧದ ಜೊತೆ ಜೇನು ನೆಕ್ಕಿಸುವುದನ್ನು ಬಿಡಬೇಕು. ಜೇನಿನಲ್ಲಿರಬಹುದಾದ ಬೀಜಾಣುಗಳಿಂದ ಶಿಶುಗಳಿಗೆ ಬಾಟ್ಯುಲಿಸಮ್ ಎಂಬ ನರದೌರ್ಬಲ್ಯದ ಕಾಯಿಲೆ ಬರಬಹುದು. ಸಿಹಿ ಸಿರಪ್ಪನ್ನು ಜ್ಯೂಸ್ ಎಂದು ನಂಬಿಸುವುದೂ ಒಳ್ಳೆಯದಲ್ಲ. ಜ್ಯೂಸ್ ಎಂದು ನಂಬಿದ ಮಗು ಯಾರೂ ಇಲ್ಲದಾಗ ಬಾಟಲಿ ಹುಡುಕುತ್ತದೆ. ದಿನಕ್ಕೆ ಮೂರು ಸಲದ ಔಷಧವಾದರೆ ಮಧ್ಯಾಹ್ನದ ಡೋಸ್ ತಪ್ಪುವುದು ಸಹಜ: ತಾಯಿ ಕೆಲಸಕ್ಕೆ, ಮಗು ಅಂಗನವಾಡಿಗೆ. ಎರಡು ಸಲದ ಡೋಸ್ ಆದೀತೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಬಹುದು. ತಪ್ಪಿದ ಡೋಸನ್ನು ನೆನಪಾದ ಕೂಡಲೇ ಕೊಡಬೇಕು, ಮುಂದಿನದಕ್ಕೆ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು. ಎರಡನ್ನು ಸೇರಿಸಿ ಕೊಡಬಾರದು.

ಅಡ್ಡಪರಿಣಾಮಗಳಲ್ಲಿ ಸಾಮಾನ್ಯವಾದದ್ದು ಭೇದಿ, ಕ್ಲಾವುಲನೇಟ್ ಸಿರಪ್ಪಿನಲ್ಲಿ ಅದು ಹೆಚ್ಚು. ಊಟದ ಆರಂಭದಲ್ಲಿ ಕೊಟ್ಟರೆ ತುಸು ಕಡಿಮೆ. ಸಣ್ಣ ಭೇದಿಗೆ ಔಷಧ ನಿಲ್ಲಿಸಬೇಕಾಗಿಲ್ಲ, ಒ.ಆರ್.ಎಸ್., ಕುಚ್ಚಲಕ್ಕಿ ಗಂಜಿ, ಎದೆಹಾಲು ಮುಂದುವರಿಯಬೇಕು. ಭೇದಿಯಲ್ಲಿ ರಕ್ತ ಕಂಡರೆ ವೈದ್ಯರಿಗೆ ತೋರಿಸಬೇಕು. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಬೇಕೇ ಎಂದು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ತುಟಿ, ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟತೊಡಗಿದರೆ ಅದು ತೀವ್ರ ಅಲರ್ಜಿ, ಆ ಔಷಧವನ್ನು ಮುಂದೆ ಕೊಡದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಆದರೆ ಜ್ವರದ ನಡುವೆ ಎದ್ದ ಪ್ರತಿ ದದ್ದೂ ಔಷಧದ್ದಲ್ಲ, ವೈರಸ್ಸಿನದೂ ಆಗಿರಬಹುದು. ವೈದ್ಯರು ನೋಡದೆ ಪೆನಿಸಿಲಿನ್ ಅಲರ್ಜಿ ಎಂಬ ಹಣೆಪಟ್ಟಿ ಹಚ್ಚಿದರೆ ಮಗು ಜೀವನಪೂರ್ತಿ ಒಳ್ಳೆಯ, ಅಗ್ಗದ ಔಷಧದಿಂದ ವಂಚಿತವಾಗುತ್ತದೆ.

ಇಷ್ಟು ರಗಳೆಯ ಸಿರಪ್ಪಾದರೂ ಯಾಕೆ ಎಂಬುದು ಇನ್ನೊಂದು ಆಕ್ಷೇಪ, ಇದು ನ್ಯಾಯವಾದದ್ದು. ಬೆರೆಸಿದ ಸಿರಪ್ಪನ್ನು ತಂಪಾಗಿಡೋಣವೆಂದರೆ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಫ್ರಿಜ್ ಇದ್ದೂ ಇಲ್ಲದಂತೆ. ಎಲ್ಲ ಮನೆಯಲ್ಲೂ ಫ್ರಿಜ್ ಇರುವುದೂ ಇಲ್ಲ. ಚಮಚದ ನೀರಿನಲ್ಲೋ ಎದೆಹಾಲಿನಲ್ಲೋ ಕ್ಷಣದಲ್ಲಿ ಕರಗುವ 250 ಮಿ.ಗ್ರಾಂ. ಅಮಾಕ್ಸಿಸಿಲಿನ್ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್‌ ಕೂಡ ಮಕ್ಕಳ ನ್ಯುಮೋನಿಯಾಕ್ಕೆ ಮುಂದಿಟ್ಟಿರುವುದು ಇದೇ ಕಾರಣಕ್ಕೆ. ಪುಡಿ ಬೆರೆಸುವುದಿಲ್ಲ, ಅಳೆಯುವುದಿಲ್ಲ, ತಂಪು ಬೇಡ. 4ರಿಂದ 10 ಕಿಲೋವರೆಗೆ ಸಲಕ್ಕೆ ಒಂದು ಮಾತ್ರೆ, 14ರವರೆಗೆ ಎರಡು. ಸಿರಪ್ಪೇ ಉತ್ತಮ, ಮಾತ್ರೆ ದೊಡ್ಡವರಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಮಾಕ್ಸಿಸಿಲಿನ್ ಸಾಕಾಗುವ ಕಾಯಿಲೆಗೆ ಈ ಕರಗುವ ಮಾತ್ರೆಯೇ ಹಳ್ಳಿಯ ಮನೆಗೆ ಹೆಚ್ಚು ಸುರಕ್ಷಿತ. ಎಲ್ಲ ಔಷಧಕ್ಕೂ, ಎಲ್ಲ ತೂಕಕ್ಕೂ ಅದು ಒದಗುವುದಿಲ್ಲವಾದ್ದರಿಂದ ಸಿರಪ್ ಉಳಿದೇ ಉಳಿಯುತ್ತದೆ.

ಕೊನೆಯ ಆಕ್ಷೇಪ ದೂರದ್ದು. ಡಾಕ್ಟರರಿಗೆ ಕಾಯಲು ಒಂದು ದಿನದ ಕೂಲಿ ಹೋಗುತ್ತದೆ, ಮೆಡಿಕಲ್ ಪೇಟೆಯಲ್ಲೇ ಇದೆ, ಅವರಿಗೂ ಅನುಭವವಿಲ್ಲವೇ ಎನ್ನುತ್ತಾರೆ. ಮಕ್ಕಳ ಆ್ಯಂಟಿಬಯಾಟಿಕ್‌ಗಳು ಶೆಡ್ಯೂಲ್ ಎಚ್‌ಗೆ ಸೇರಿದವು, ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್ ಇದೆ. ಅದನ್ನು ಕೊಂಡವರ, ಬರೆದವರ ಹೆಸರನ್ನು ಅಂಗಡಿಯ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2017ರ ವಿಂಗಡಣೆಯಲ್ಲಿ ಅಮಾಕ್ಸಿಸಿಲಿನ್ ಮೊದಲ ಆಯ್ಕೆಯ ಗುಂಪಿನಲ್ಲಿದೆ. ಸೆಫಿಕ್ಸಿಮ್, ಅಜಿತ್ರೊಮೈಸಿನ್ ಎಚ್ಚರದಿಂದ ಬಳಸಬೇಕಾದ ಗುಂಪಿನಲ್ಲಿವೆ. ಆದರೆ ಕಾನೂನಿನ ನಿಷೇಧವನ್ನಷ್ಟೇ ಎತ್ತಿಹಿಡಿದರೆ ಸಾಲದು. ಅಂಗಡಿಯವರ ಅನುಭವವನ್ನು ಬಳಸಿಕೊಳ್ಳುವ ಸರಿಯಾದ ದಾರಿಯನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ತೋರಿಸಿದೆ: ಔಷಧ ಕೊಡುವಾಗ ಹೇಗೆ ಕೊಡಬೇಕು, ಎಷ್ಟು ದಿನ, ಎಲ್ಲಿ ಇಡಬೇಕು, ಡೋಸ್ ತಪ್ಪಿದರೆ ಏನು ಮಾಡಬೇಕು ಎಂಬುದನ್ನು ರೋಗಿಗೆ ತಿಳಿಸುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಅದಕ್ಕೆ ಹೊತ್ತೆಲ್ಲಿ ಎಂದು ಅವರು ಕೇಳಬಹುದು. ಮಕ್ಕಳ ಸಿರಪ್ಪಿಗೆ ಬೇಕಾಗುವುದು ನಾಲ್ಕೈದು ನಿಮಿಷ.

ಆ ನಾಲ್ಕೈದು ನಿಮಿಷದಲ್ಲಿ ಆಗಬೇಕಾದದ್ದು ಇಷ್ಟು. ಮಗುವಿನ ತೂಕ ಕೇಳಿ, ಬಾಟಲಿಯ ಶಕ್ತಿಯನ್ನು ಚೀಟಿಗೆ ಹೋಲಿಸಿ, ಪುಡಿಗೆ ನೀರು ಬೆರೆಸಿ, ಬೆರೆಸಿದ ದಿನಾಂಕ ಮತ್ತು ಬಿಸಾಡಬೇಕಾದ ದಿನಾಂಕ ಬರೆದು, ಸೂಜಿಯಿಲ್ಲದ ಸಿರಿಂಜಿನ ಮೇಲೆ ಗೆರೆ ಎಳೆದು, ಕೊಳ್ಳಲು ಬಂದವರ ಭಾಷೆಯಲ್ಲೇ ಒಮ್ಮೆ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಿಕೊಳ್ಳುವುದು. ಮೆಡಿಕಲ್‌ನವರು ಇದನ್ನು ತಾವಾಗಿ ಮಾಡದಿದ್ದರೆ ತಂದೆತಾಯಿ ಸಂಕೋಚವಿಲ್ಲದೆ ಕೇಳಬೇಕು. ಔಷಧದ ಹಣ ಕೊಟ್ಟವರಿಗೆ ಅದನ್ನು ಅಳೆಯುವ ಸಾಧನವನ್ನೂ ಮಾಹಿತಿಯನ್ನೂ ಕೇಳುವ ಹಕ್ಕಿದೆ. ಕೋರ್ಸ್ ಮುಗಿದ ಮೇಲೆ ಬಾಟಲಿಯಲ್ಲಿ ಉಳಿದದ್ದನ್ನು ತಮ್ಮನಿಗೋ ತಂಗಿಗೋ ಮುಂದಿನ ಜ್ವರಕ್ಕೋ ಎಂದು ಎತ್ತಿಡಬೇಡಿ, ಬಾವಿಯ ಬಳಿಯೋ ತೋಡಿಗೋ ಚೆಲ್ಲಬೇಡಿ. ಮಣ್ಣಿಗೋ ಕಾಫಿ ಚರಟಕ್ಕೋ ಬೆರೆಸಿ, ಪೊಟ್ಟಣ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಕಸಕ್ಕೆ ಹಾಕಿ.